ಡ್ರಾಯರಿನಲ್ಲಿ ಇಲ್ಲದ ಚಾಕುಗಳು

ಜೇಬುಚಾಕು ಸಂಗ್ರಹಿಸುವವರನ್ನು ಮಾತಿಗೆ ಎಳೆಯಬೇಕಾದರೆ ನಿಮ್ಮ ಹತ್ತಿರ ಏನೇನಿದೆ ಎಂದು ಕೇಳಬಾರದು, ಯಾವುದು ಕೈತಪ್ಪಿ ಹೋಯಿತು ಎಂದು ಕೇಳಬೇಕು. ಇರುವುದನ್ನು ಕೇಳಿದರೆ ಪೆಟ್ಟಿಗೆ ತೆರೆದು ಒಂದೊಂದಾಗಿ ತೋರಿಸಿ ಮುಚ್ಚಿಡುತ್ತಾರೆ. ಇಲ್ಲದ್ದನ್ನು ಕೇಳಿದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಎಷ್ಟೋ ವರ್ಷದ ಹಿಂದೆ ಮಾರಿದ ಚಾಕುವಿನ ಹಿಡಿಯ ಬಣ್ಣ, ಅಲಗಿನ ಬುಡದಲ್ಲಿದ್ದ ಅಚ್ಚು, ಮಡಿಸುವಾಗ ಬರುತ್ತಿದ್ದ ಸದ್ದು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳುತ್ತಾರೆ. ನಾನೂ ಹಾಗೆಯೇ. ನನ್ನ ಡ್ರಾಯರಿನಲ್ಲಿರುವ ಕೆಲವು ಚಾಕುಗಳನ್ನು ಕಣ್ಣುಮುಚ್ಚಿ ವರ್ಣಿಸು ಎಂದರೆ ತಡವರಿಸುತ್ತೇನೆ. ಅಲ್ಲಿಂದ ಹೋದವುಗಳ ವಿಷಯದಲ್ಲಿ ತಡವರಿಕೆಯೇ ಇಲ್ಲ.

ಇಂಥ ಮಾತುಗಳನ್ನು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇನೆ, ಆಡುತ್ತಲೂ ಬಂದಿದ್ದೇನೆ. ಒಂದು ವಿಷಯ ನನಗೆ ಖಾತ್ರಿಯಾಗಿದೆ. ಅಪರೂಪದ ಚಾಕುವಿಗಾಗಿ ಜನ ಹೆಚ್ಚು ದಿನ ಕೊರಗುವುದಿಲ್ಲ. ಪೆಟ್ಟಿಗೆಯಿಂದ ಹೊರಗೇ ಬಾರದ, ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಟ್ಟ ಚಾಕು ಹೋದರೆ ಬೇಸರವಾಗುತ್ತದೆ, ಅಂಥದ್ದೇ ಇನ್ನೊಂದು ಸಿಕ್ಕಿದ ದಿನ ಆ ಬೇಸರ ಮುಗಿಯುತ್ತದೆ. ಮುಗಿಯದೇ ಉಳಿಯುವುದು ಬಳಸಿ ಸವೆದ ಚಾಕುವಿನ ಕೊರಗು. ವಿಚಿತ್ರವೆಂದರೆ ಸಂಗ್ರಾಹಕರ ಲೋಕದ ಅಳತೆಗೋಲು ಇದಕ್ಕೆ ಪೂರ್ತಿ ಉಲ್ಟಾ. ಕಾರ್ಖಾನೆಯಿಂದ ಬಂದಂತೆಯೇ ಇದ್ದರೆ ಅದು ಮಿಂಟ್. ಒಂದು ಸಲ ಸಾಣೆ ಹಿಡಿದರೂ ದರ್ಜೆ ಇಳಿಯಿತು. ಅಲಗು ಕಿರಿದಾಗಿದ್ದರೆ, ಹಿಡಿಯಲ್ಲಿ ಬಿರುಕಿದ್ದರೆ ಅದನ್ನು ಕೇಳುವವರೇ ಇಲ್ಲ. ಹಾಗಾಗಿ ಮಿಂಟ್ ಚಾಕುವನ್ನು ಮಾರಬೇಕಾದರೆ ಹತ್ತು ಸಲ ಯೋಚಿಸುತ್ತೇವೆ. ಸವೆದದ್ದನ್ನು ಯೋಚನೆಯೇ ಇಲ್ಲದೆ ಇತರ ನಾಲ್ಕರ ಜೊತೆ ಸೇರಿಸಿ ಕಳಿಸಿಬಿಡುತ್ತೇವೆ. ಈ ಬರಹದಲ್ಲಿ ಬರುವ ಕೆಲವು ಚಾಕುಗಳು ಹೋದದ್ದು ಇದೇ ದಾರಿಯಲ್ಲಿ, ಬೆಲೆಯಿಲ್ಲದವು ಎಂಬ ಲೆಕ್ಕದಲ್ಲಿ.

ನಾನು ಕಳೆದುಕೊಂಡವುಗಳಲ್ಲಿ ಈಗಲೂ ಮನಸ್ಸಿಗೆ ಬರುವುದು ಒಪಿನೆಲ್ 8ನೇ ನಂಬರಿನದು. ಒಪಿನೆಲ್ ಅಂದರೆ ಫ್ರಾನ್ಸಿನ ಸವೋಯ್ ಪ್ರಾಂತ್ಯದ ಚಾಕು. 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ್ದು. ಒಂದು ಮರದ ಹಿಡಿ, ಒಂದು ಅಲಗು, ಒಂದು ರಿವೆಟ್, ಅಲಗನ್ನು ಬಿಗಿಹಿಡಿಯಲು ತಿರುಗಿಸುವ ಒಂದು ಲೋಹದ ಬಳೆ. ಆ ಬಳೆ ಬಂದದ್ದು 1955ರಲ್ಲಿ. ಅದಕ್ಕೆ ಮುಂಚಿನ ಒಪಿನೆಲ್‌ಗಳಲ್ಲಿ ಅದೂ ಇರಲಿಲ್ಲ. ಕಂಪನಿ ಚಿಕ್ಕದರಿಂದ ದೊಡ್ಡದರವರೆಗೆ 1ರಿಂದ 12ರ ತನಕ ನಂಬರು ಕೊಟ್ಟಿತ್ತು. 1 ಮತ್ತು 11 ಆಮೇಲೆ ನಿಂತುಹೋದವು. 8ನೆಯದರ ಅಲಗು 8.5 ಸೆಂಟಿಮೀಟರ್. ಕೈಯಳತೆಗೆ ಹೇಳಿಮಾಡಿಸಿದಂತಿರುವುದರಿಂದ ಬಹಳ ಜನ ಇಟ್ಟುಕೊಳ್ಳುವುದು ಇದನ್ನೇ.

ನನ್ನದು ಕಾರ್ಬನ್ ಉಕ್ಕಿನದು. ಹೊಸದರಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಅಲಗು ಬಳಸುತ್ತ ಬಳಸುತ್ತ ಬೂದಿಗೆ ತಿರುಗಿತು. ಒಂದೆಡೆ ನೀಲಿ ಛಾಯೆ, ಇನ್ನೊಂದೆಡೆ ಕಂದು, ಬುಡದ ಹತ್ತಿರ ಒಂದು ಹನಿ ನೀರು ರಾತ್ರಿಯಿಡೀ ಕೂತು ಮಾಡಿದ ಗುಂಡನೆಯ ಕಪ್ಪು ಕಲೆ. ಆ ಕಲೆಯನ್ನು ನಾನು ಉಜ್ಜಿ ತೆಗೆಯಲಿಲ್ಲ. ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗು ಬಿಗಿಯಾಗುತ್ತಿತ್ತು. ಮಳೆಗಾಲದಲ್ಲಿ ಅದನ್ನು ಉಗುರು ಹಾಕಿ ತೆರೆಯಲು ಆಗದೆ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿ ಅಲಗನ್ನು ಹೊರಗೆ ಬರಿಸಬೇಕಿತ್ತು. ಈ ಚಾಕು ಇಟ್ಟುಕೊಂಡವರಿಗೆಲ್ಲ ಆ ಪೆಟ್ಟು ಗೊತ್ತು. ನನ್ನ ಚಾಕುವಿನ ಹಿಡಿಯ ತುದಿ ಅದರಿಂದಲೇ ಒಂದು ಕಡೆ ಚಪ್ಪಟೆಯಾಗಿತ್ತು. ಬೇರೆ ಒಪಿನೆಲ್‌ಗಳ ರಾಶಿಯಲ್ಲಿ ಹಾಕಿದ್ದರೂ ಬೆರಳಲ್ಲಿ ಮುಟ್ಟಿಯೇ ಹುಡುಕಿಕೊಳ್ಳುತ್ತಿದ್ದೆ.

ಅದು ಹೋದದ್ದು ಒಂದು ಕಾಡುದಾರಿಯ ನಡಿಗೆಯಲ್ಲಿ. ಒಪಿನೆಲ್ ಬಹಳ ಹಗುರ. ಇದೆ ಎಂಬುದು ಜೇಬಿಗೆ ತಿಳಿಯುವುದಿಲ್ಲ, ಇಲ್ಲ ಎಂಬುದೂ ತಿಳಿಯುವುದಿಲ್ಲ. ಒಂದು ಕಡ್ಡಿ ಕೆತ್ತಲು ಕೈ ಹಾಕಿದಾಗ ಜೇಬು ಖಾಲಿ. ಬಂದ ದಾರಿಯಲ್ಲೇ ತಲೆ ತಗ್ಗಿಸಿಕೊಂಡು ಹಿಂದಕ್ಕೆ ನಡೆದೆ, ಕೂತಿದ್ದ ಬಂಡೆಯ ಸುತ್ತ ತರಗೆಲೆ ಸರಿಸಿ ನೋಡಿದೆ. ಮರದ ಬಣ್ಣದ ಹಿಡಿ ತರಗೆಲೆಯ ನಡುವೆ ಬಿದ್ದರೆ ಕಾಣುವುದು ಹೇಗೆ? ಆವತ್ತು ಕತ್ತಲಾದ ಮೇಲೆ ಮನೆಗೆ ಬಂದೆ, ಮರುದಿನ ಮತ್ತೆ ಹೋದೆ.

ಆಮೇಲೆ ಇನ್ನೊಂದು 8ನೇ ನಂಬರು ಕೊಂಡೆ. ಅದೇ ಉಕ್ಕು, ಅದೇ ಮರ, ಅಲಗಿನ ಮೇಲೆ ಅದೇ ಕಿರೀಟ ತೊಟ್ಟ ಕೈಯ ಗುರುತು. ಅದರಲ್ಲಿ ಏನೂ ಕೊರತೆ ಇಲ್ಲ. ಕಾರ್ಬನ್ ಅಲಗಿಗೆ ಬೇಗ ಬಣ್ಣ ಬರಿಸಲು ಕೆಲವರು ವಿನೆಗರಿನಲ್ಲಿ ಅದ್ದಿಡುತ್ತಾರೆ. ನಾನೂ ಮಾಡಿ ನೋಡಿದೆ. ಬೂದಿ ಬಣ್ಣವೇನೋ ಬಂತು, ಅಲಗಿನ ಉದ್ದಗಲಕ್ಕೂ ಒಂದೇ ಸಮನಾಗಿ ಬಂತು. ನನಗೆ ಬೇಕಾಗಿದ್ದದ್ದು ಆ ಸಮನಾದ ಬಣ್ಣವಲ್ಲ. ಅದು ಯಾವ ಕೆಲಸದಿಂದಲೂ ಬಂದದ್ದಲ್ಲ ಎನ್ನುವುದು ಕಣ್ಣಿಗೆ ಹೊಡೆಯುತ್ತಿತ್ತು. ಉಜ್ಜಿ ಪೂರ್ತಿ ತೆಗೆದು, ತಾನಾಗಿ ಬರಲಿ ಎಂದು ಬಿಟ್ಟೆ. ಈಗ ನಿಧಾನಕ್ಕೆ ಬರುತ್ತಿದೆ.

ನನ್ನ ಸ್ನೇಹಿತರೊಬ್ಬರ ಕಥೆ ಇದಕ್ಕಿಂತ ಗಟ್ಟಿಯಾದದ್ದು. ಅವರ ತಂದೆಯ ಹತ್ತಿರ ಕೇಸ್ ಕಂಪನಿಯ ಮೂರು ಅಲಗಿನ ಸ್ಟಾಕ್‌ಮನ್ ಚಾಕು ಇತ್ತು. ಕೇಸ್ ಅಮೆರಿಕದ ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್ ಊರಿನ ಹಳೆಯ ಕಂಪನಿ. ಅವರು ಅಲಗಿನ ಬುಡದಲ್ಲಿ ಹೊಡೆಯುವ ಅಚ್ಚು ಓದಲು ಬಂದರೆ ಚಾಕುವಿನ ಜಾತಕವೇ ಸಿಕ್ಕಿದ ಹಾಗೆ. ಆ ಚಾಕುವಿನ ಮೇಲೆ ಇದ್ದದ್ದು 6318. ಮೊದಲ 6 ಹಿಡಿ ಮೂಳೆಯದು ಎನ್ನುತ್ತದೆ, 3 ಅಲಗುಗಳ ಸಂಖ್ಯೆ, 18 ಕಾರ್ಖಾನೆಯ ವಿನ್ಯಾಸದ ನಂಬರು. ಇನ್ನು ತಯಾರಾದ ವರ್ಷಕ್ಕೆ ಚುಕ್ಕಿಗಳು. 1970ರಲ್ಲಿ ಕಂಪನಿಯ ಹೆಸರಿನ ಕೆಳಗೆ ಹತ್ತು ಚುಕ್ಕಿ ಹಾಕಿದರು, ವರ್ಷಕ್ಕೊಂದರಂತೆ ತೆಗೆಯುತ್ತ ಬಂದರು. 1979ಕ್ಕೆ ಉಳಿದದ್ದು ಒಂದು. 1980ರಲ್ಲಿ ಅಕ್ಷರದ ರೂಪ ಬದಲಿಸಿ ಮತ್ತೆ ಹತ್ತರಿಂದ ಶುರು ಮಾಡಿದರು. ಸ್ನೇಹಿತರಿಗೆ ಚಿಕ್ಕಂದಿನಲ್ಲಿ ಚಾಕು ಮುಟ್ಟಲು ಬಿಡುತ್ತಿರಲಿಲ್ಲವಂತೆ, ತಂದೆ ತೆರೆದು ಹಿಡಿದಾಗ ಆ ಚುಕ್ಕಿ ಎಣಿಸಲು ಬಿಡುತ್ತಿದ್ದರಂತೆ. ಆರು ಚುಕ್ಕಿ. ಅಂದರೆ 1974.

ತಂದೆ ತೀರಿಕೊಂಡಾಗ ಸ್ನೇಹಿತರು ದೂರದಲ್ಲಿದ್ದರು. ಅವರು ಬರುವಷ್ಟರಲ್ಲಿ ಹಳೆಯ ಸಾಮಾನೆಲ್ಲ ಯಾರ್ಯಾರಿಗೋ ಹೋಗಿತ್ತು, ಅದರ ಜೊತೆ ಚಾಕುವೂ. ಸವೆದು ಹೋದ ಒಂದು ಚಾಕುವನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವರು ಎಷ್ಟೋ ವರ್ಷ ಹುಡುಕಿ ಆರು ಚುಕ್ಕಿಯ 6318 ಒಂದನ್ನು ಸಂಪಾದಿಸಿದರು. ನನಗೆ ತೋರಿಸಲು ತಂದಿದ್ದರು. ಕಂದು ಮೂಳೆಯ ಹಿಡಿ, ಮೂರೂ ಅಲಗು ತುಂಬಿಕೊಂಡಿವೆ, ಸ್ಪ್ರಿಂಗ್ ಚುರುಕಾಗಿದೆ, ತೆರೆದರೆ ಟಕ್ ಎಂದು ನಿಲ್ಲುತ್ತದೆ. ಎಷ್ಟು ಒಳ್ಳೆಯ ಚಾಕು ಎಂದೆ. "ಒಳ್ಳೆಯದೇ. ಆದರೆ ಇದು ಅಪ್ಪನ ಚಾಕು ಅಲ್ಲ, ಅದರ ಅಣ್ಣತಮ್ಮ" ಎಂದರು. ಅವರ ತಂದೆಯದರಲ್ಲಿ ದೊಡ್ಡ ಅಲಗು ಸಾಣೆ ಹಿಡಿದು ಹಿಡಿದು ಕಡ್ಡಿಯಷ್ಟು ಸಪೂರವಾಗಿತ್ತಂತೆ. ಬಲಗೈಯವರು ಒಂದೇ ಕಲ್ಲಿನ ಮೇಲೆ ಒಂದೇ ರೀತಿ ಎಳೆಯುವುದರಿಂದ ಅಲಗಿನ ಹೊಟ್ಟೆ ಒಳಕ್ಕೆ ಬಾಗುತ್ತದಲ್ಲ, ಆ ಬಾಗು ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನು ಯಾವ ಕಾರ್ಖಾನೆಯೂ ಮಾಡಿ ಕೊಡುವುದಿಲ್ಲ, ಯಾವ ಮಾರಾಟಗಾರನೂ ಹುಡುಕಿ ಕೊಡುವುದಿಲ್ಲ.

ನಾನು ಹೇಳಬೇಕೆಂದಿದ್ದದ್ದು ಹೆಚ್ಚುಕಡಿಮೆ ಇದೇ. ಮಿಂಟ್ ಚಾಕು ಎಂದರೆ ಕಾರ್ಖಾನೆಯ ಕೆಲಸ. ಅದರಂಥದ್ದು ಇನ್ನೂ ಸಾವಿರ ಇವೆ, ಇಲ್ಲವೇ ನೂರಾದರೂ ಇವೆ. ಸವೆದ ಚಾಕುವಿನಲ್ಲಿ ಅರ್ಧ ಕೆಲಸ ಇಟ್ಟುಕೊಂಡವನದು. ಅದು ಒಂದೇ ಒಂದು. ಅಪರೂಪ ಎನ್ನುವುದನ್ನೇ ಬೆಲೆಗೆ ಆಧಾರ ಮಾಡಿಕೊಂಡ ನಾವು ನಿಜವಾಗಿ ಒಂದೇ ಇರುವುದನ್ನು ಕೆಳದರ್ಜೆ ಎಂದು ಬರೆದುಕೊಳ್ಳುತ್ತೇವೆ. ಬೇರೆಯವರ ಸವೆದ ಚಾಕುವನ್ನು ನಾನು ಕೊಳ್ಳಬೇಕಾದಾಗ ಬೆಲೆ ಕಡಿಮೆ ಎನ್ನುವುದು ನ್ಯಾಯವೇ ಇರಬಹುದು, ಆ ಸವೆತ ನನ್ನದಲ್ಲವಲ್ಲ. ನನ್ನದನ್ನು ನಾನು ಬಿಡುವಾಗ ಆ ಬೆಲೆಪಟ್ಟಿಯನ್ನು ನೋಡಬಾರದು.

ಮಾರಿದ್ದರಲ್ಲಿ ನನಗೆ ತಿರುಗಿ ಬೇಕು ಅನಿಸುವುದು ಶ್ರೇಡ್ ಕಂಪನಿಯ ಓಲ್ಡ್ ಟೈಮರ್ 8ಒಟಿ. ಇದೂ ಸ್ಟಾಕ್‌ಮನ್ ಜಾತಿಯದೇ. ಮೂರು ಅಲಗು: ಮುಂದೆ ಚೂಪಾದ ಕ್ಲಿಪ್, ನೇರ ಬಾಯಿಯ ಷೀಪ್ಸ್‌ಫುಟ್, ತುದಿ ದುಂಡಗಿರುವ ಸ್ಪೇ. ಮಡಿಸಿದರೆ ಸುಮಾರು ನಾಲ್ಕು ಇಂಚು. ಹಿಡಿ ಕಂದು ಬಣ್ಣದ ಡೆಲ್ರಿನ್ ಪ್ಲಾಸ್ಟಿಕ್ಕು, ಮೇಲೆ ಗರಗಸದಲ್ಲಿ ಕೊಯ್ದಂಥ ಅಡ್ಡಗೆರೆಗಳು. ನೋಡಲು ಏನೂ ಸೊಗಸಿಲ್ಲ. ಆದರೆ ಅದರ ಕಾರ್ಬನ್ ಉಕ್ಕು ಸಾಣೆಕಲ್ಲಿನ ಮೇಲೆ ಎಷ್ಟು ಬೇಗ ಹದಕ್ಕೆ ಬರುತ್ತಿತ್ತೆಂದರೆ, ನಾಲ್ಕು ಸಲ ಆ ಕಡೆ ನಾಲ್ಕು ಸಲ ಈ ಕಡೆ ಎಳೆದರೆ ಕಾಗದದ ಅಂಚನ್ನು ಸದ್ದಿಲ್ಲದೆ ಸೀಳುತ್ತಿತ್ತು. ಪೆನ್ಸಿಲ್ ಚೂಪು ಮಾಡುವುದು, ಪಾರ್ಸೆಲ್ಲಿನ ಹಗ್ಗ, ರಟ್ಟು, ವೈರಿನ ತೊಗಟೆ, ಎಲ್ಲಕ್ಕೂ ಅದೇ. ಬೇರೆ ಚಾಕುಗಳು ನನ್ನ ಸಂಗ್ರಹದಲ್ಲಿದ್ದವು, ಅದು ನನ್ನ ಜೇಬಿನಲ್ಲಿತ್ತು.

ದುಡ್ಡು ಬೇಕಾದ ಕಾಲ ಬಂತು, ಸಂಗ್ರಹದ ಒಂದು ಭಾಗ ಒಟ್ಟಾಗಿ ಹೋಯಿತು, ಅದರಲ್ಲಿ ಅದೂ ಹೋಯಿತು. ಮಾರಿದ್ದು ಸರಿಯೇ. ಆವತ್ತಿನ ಅಗತ್ಯ ಆವತ್ತಿನದು, ಇವತ್ತು ಕೂತು ಅದನ್ನು ಹಳಿಯುವುದು ನನಗೆ ಒಪ್ಪುವುದಿಲ್ಲ. ಸಂಗ್ರಾಹಕರು ತಮ್ಮನ್ನು ತಾವೇ ಬೈದುಕೊಳ್ಳುವುದನ್ನು ಕೇಳಿದಾಗಲೆಲ್ಲ ಇದನ್ನೇ ಹೇಳುತ್ತೇನೆ. ಸರಿಯಾದ ಕಾರಣಕ್ಕೆ ಮಾರಿದ ಚಾಕುವೂ ನೆನಪಾಗಿ ಕಾಡಬಹುದು. ಕಾಡಿತು ಎಂದಮಾತ್ರಕ್ಕೆ ಮಾರಿದ್ದು ತಪ್ಪಾಗಬೇಕಿಲ್ಲ.

ಆದರೆ ಶ್ರೇಡ್ ಚಾಕುವಿನ ವಿಷಯದಲ್ಲಿ ಇನ್ನೊಂದು ಪೆಟ್ಟು ಬಿತ್ತು. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿದ್ದ ಅವರ ಕಾರ್ಖಾನೆ 2004ರ ಜುಲೈನಲ್ಲಿ ಬಾಗಿಲು ಮುಚ್ಚಿತು. ಹೆಸರು ಬೇರೆಯವರ ಕೈಗೆ ಹೋಯಿತು, ಅದೇ ಓಲ್ಡ್ ಟೈಮರ್ ಹೆಸರಿನಲ್ಲಿ ಚಾಕುಗಳು ಚೀನಾದಲ್ಲಿ ತಯಾರಾಗಿ ಬರತೊಡಗಿದವು. ಅದೇ ರಾಜ್ಯದ ಕ್ಯಾಮಿಲಸ್ ಕಂಪನಿ, 1876ರಿಂದ ಇದ್ದದ್ದು, 2007ರಲ್ಲಿ ದಿವಾಳಿಯಾಯಿತು. ಯಾವಾಗ ಬೇಕಾದರೂ ಸಿಗುತ್ತದೆ ಎಂದು ಕೊಟ್ಟುಬಿಟ್ಟ ಸಾಧಾರಣ ಚಾಕುಗಳನ್ನು ಜನ ಆಮೇಲೆ ಹುಡುಕಲು ಶುರು ಮಾಡಿದರು. ದುಬಾರಿ ಚಾಕುಗಳನ್ನು ಯಾರಾದರೂ ಜೋಪಾನ ಮಾಡಿರುತ್ತಾರೆ. ಸಾಧಾರಣದವನ್ನು ಎಲ್ಲರೂ ಬಳಸಿ ಮುಗಿಸಿರುತ್ತಾರೆ. ಹಾಗಾಗಿ ಚೆನ್ನಾಗಿರುವ ಹಳೆಯ ಸಾಧಾರಣ ಚಾಕು ಸಿಗುವುದೇ ಕಷ್ಟ.

ಶ್ರೇಡ್ ಬಗ್ಗೆ ನನಗೆ ಗೌರವ ಹುಟ್ಟಿಸಿದ ಇನ್ನೊಂದು ಸಂಗತಿ ಇದೆ. ಅವರದೇ ಅಂಕಲ್ ಹೆನ್ರಿ ಎಂಬ ಸಾಲಿನ ಚಾಕುಗಳಿಗೆ ಒಂದು ಕಾಲದಲ್ಲಿ ಕಳೆದುಹೋದರೂ ಗ್ಯಾರಂಟಿ ಇತ್ತು. ಕೊಂಡ ಒಂದು ವರ್ಷದೊಳಗೆ ಕಳೆದರೆ ಹೊಸದು ಕೊಡುತ್ತಿದ್ದರು. ಮುರಿದದ್ದಕ್ಕೆ ಗ್ಯಾರಂಟಿ ಎಲ್ಲರೂ ಕೊಡುತ್ತಾರೆ. ಜೇಬುಚಾಕುವಿಗೆ ಮುರಿಯುವುದಕ್ಕಿಂತ ಕಳೆಯುವ ಗಂಡವೇ ದೊಡ್ಡದು ಎಂದು ಅರ್ಥ ಮಾಡಿಕೊಂಡವರು ಅವರೊಬ್ಬರೇ ಇರಬೇಕು ಅನಿಸುತ್ತದೆ. ಒಂದು ವರ್ಷ ಎಂಬ ಗಡುವಿನಲ್ಲೂ ವಿವೇಕ ಇದೆ. ಅಷ್ಟರೊಳಗೆ ಹೋದರೆ ಹೊಸ ಚಾಕು ಅದರ ಜಾಗ ತುಂಬುತ್ತದೆ. ಆಮೇಲೆ ಹೋದದ್ದಕ್ಕೆ ಯಾರು ಏನು ಕೊಟ್ಟಾರು?

ವಿಮಾನ ನಿಲ್ದಾಣದ ಕಥೆಗಳು ಎಲ್ಲ ಸಂಗ್ರಾಹಕರ ಹತ್ತಿರವೂ ಇವೆ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ಕ್ಕೆ ಮುಂಚೆ ನಾಲ್ಕು ಇಂಚಿಗಿಂತ ಚಿಕ್ಕ ಅಲಗನ್ನು ವಿಮಾನದೊಳಗೆ ಒಯ್ಯಬಹುದಿತ್ತು. ಆಮೇಲೆ ಅದು ನಿಂತಿತು. 2013ರ ಮಾರ್ಚಿನಲ್ಲಿ 2.36 ಇಂಚಿನೊಳಗಿನ ಚಿಕ್ಕ ಚಾಕುಗಳಿಗೆ ಮತ್ತೆ ಅವಕಾಶ ಕೊಡುವುದಾಗಿ ಹೇಳಿದರು, ವಿಮಾನ ಸಿಬ್ಬಂದಿಯ ವಿರೋಧದಿಂದ ಜೂನಿನಲ್ಲಿ ಕೈಬಿಟ್ಟರು. ತಪಾಸಣೆಯಲ್ಲಿ ಬಿಟ್ಟುಹೋದ ಚಾಕುಗಳು ಅಲ್ಲಿ ರಾಜ್ಯಗಳ ಹೆಚ್ಚುವರಿ ಸಾಮಗ್ರಿ ವಿಭಾಗಗಳ ಮೂಲಕ ರಾಶಿಗಟ್ಟಲೆ ಮಾರಾಟವಾಗುತ್ತವೆ. ನಮ್ಮಲ್ಲಿ ಕೆಲವರು ಅಂಥ ರಾಶಿಗಳನ್ನು ಕೊಳ್ಳುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಅದರಲ್ಲಿರುವ ಒಂದೊಂದೂ ಯಾರೋ ಕ್ಯೂನಲ್ಲಿ ನಿಂತು, ಹಿಂದೆ ಬರುವವರು ಕಾಯುತ್ತಿರುವಾಗ, ಎರಡು ನಿಮಿಷದಲ್ಲಿ ತೀರ್ಮಾನಿಸಿ ತಟ್ಟೆಗೆ ಹಾಕಿದ್ದು. ನನಗೆ ಪರಿಚಯದ ಹೆಂಗಸೊಬ್ಬರು ಹಾಗೆ ಬಿಟ್ಟದ್ದು ವೆಂಗರ್ ಚಾಕು. ಸ್ವಿಸ್ ಸೈನ್ಯಕ್ಕೆ ಚಾಕು ಕೊಡುತ್ತಿದ್ದ ಎರಡು ಕಂಪನಿಗಳಲ್ಲಿ ಒಂದು, ಡೆಲೆಮಾನ್ ಊರಿನದು. ಅದರ ಕತ್ತರಿಯ ಬಾಯಿಯಲ್ಲಿ ಸಣ್ಣ ಹಲ್ಲುಗಳಿರುತ್ತಿದ್ದವು, ಕತ್ತರಿಸುವ ವಸ್ತು ಜಾರುತ್ತಿರಲಿಲ್ಲ. 2005ರಲ್ಲಿ ಆ ಇನ್ನೊಂದು ಕಂಪನಿ, ವಿಕ್ಟೋರಿನಾಕ್ಸ್, ವೆಂಗರನ್ನು ಕೊಂಡಿತು, 2013ರಲ್ಲಿ ಚಾಕುಗಳ ಮೇಲಿನ ವೆಂಗರ್ ಹೆಸರು ಹೋಯಿತು. ಅವರು ತಟ್ಟೆಗೆ ಹಾಕಿದ್ದು ಅದಕ್ಕೂ ಮುಂಚೆ. ಅಂಗಡಿಗೆ ಹೋಗಿ ಇನ್ನೊಂದು ತಂದರಾಯಿತು ಎಂದುಕೊಂಡಿದ್ದರಂತೆ.

ಡ್ರಾಯರಿನಿಂದ ಹೊರಗೇ ಹೋಗದೆ ಕಳೆದುಹೋಗುವ ಚಾಕುಗಳೂ ಇವೆ. ಇದನ್ನು ಹೊಸಬರು ಗಮನವಿಟ್ಟು ಓದಬೇಕು. ಹಳೆಯ ಚಾಕುಗಳ ಬಣ್ಣಬಣ್ಣದ ಹಿಡಿಗಳು, ಆಮೆಚಿಪ್ಪಿನ ಹಾಗೆ ಕಾಣುವವು, ಮುತ್ತಿನ ಹಾಗೆ ಹೊಳೆಯುವವು, ಬಹಳಷ್ಟು ಸೆಲ್ಯುಲಾಯ್ಡಿನವು. ಸೆಲ್ಯುಲಾಯ್ಡ್ ಎಂದರೆ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ ಪ್ಲಾಸ್ಟಿಕ್ಕು. ವಯಸ್ಸಾದಂತೆ ಅದು ಒಳಗಿನಿಂದಲೇ ಕೆಡುತ್ತದೆ. ಕೆಡುವಾಗ ನೈಟ್ರೋಜನ್ ಆಕ್ಸೈಡಿನ ಅನಿಲ ಬಿಡುತ್ತದೆ. ಅದು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಆ ಅನಿಲ ತುಂಬಿಕೊಂಡರೆ ಮೊದಲು ಆ ಚಾಕುವಿನದೇ ಅಲಗು, ಆಮೇಲೆ ಪಕ್ಕದಲ್ಲಿ ಮಲಗಿರುವ ಎಲ್ಲ ಚಾಕುಗಳ ಅಲಗು ತುಕ್ಕು ಹಿಡಿಯುತ್ತವೆ. ನನಗೆ ಗೊತ್ತಿರುವ ಹಿರಿಯ ಸಂಗ್ರಾಹಕರೊಬ್ಬರು ಒಂದು ಸುತ್ತಿಟ್ಟ ಬಟ್ಟೆಯ ಗಂಟನ್ನು ನನ್ನೆದುರಿಗೇ ಬಿಚ್ಚಿದರು. ಮೂಗಿಗೆ ರಾಚುವ ಹುಳಿ ವಾಸನೆ. ಒಂದು ಚಾಕುವಿನ ಹಿಡಿ ಬಿರಿದು ಸಕ್ಕರೆಯ ಹರಳಿನಂತೆ ಉದುರುತ್ತಿತ್ತು, ಅದರ ಹಿತ್ತಾಳೆಯ ಒಳಪಟ್ಟಿ ಹಸಿರಾಗಿತ್ತು. ಅದರ ಎರಡೂ ಪಕ್ಕದ ಚಾಕುಗಳ ಅಲಗಿನ ಮೇಲೆ ಕೆಂಪು ತುಕ್ಕು ಗುಳಿಗುಳಿಯಾಗಿ ಕೂತಿತ್ತು, ಅದೂ ಆ ಹಿಡಿಯ ಕಡೆಗಿದ್ದ ಮೈ ಮೇಲೆ ಹೆಚ್ಚು. ಯಾವ ಚಾಕುವನ್ನೂ ಅವರು ಒಮ್ಮೆಯೂ ಬಳಸಿರಲಿಲ್ಲ.

ಸೆಲ್ಯುಲಾಯ್ಡ್ ಹಿಡಿಯವನ್ನು ಬೇರೆಯೇ ಇಡಿ, ಗಾಳಿಯಾಡುವ ಕಡೆ ಇಡಿ, ಆಗಾಗ ಮೂಸಿ ನೋಡಿ. ಚರ್ಮದ ಒರೆಯೊಳಗೂ ಚಾಕುವನ್ನು ವರ್ಷಗಟ್ಟಲೆ ಬಿಡಬೇಡಿ, ಚರ್ಮ ತೇವ ಎಳೆದುಕೊಳ್ಳುತ್ತದೆ, ಅದನ್ನು ಹದ ಮಾಡಿದ ರಾಸಾಯನಿಕ ಲೋಹವನ್ನು ತಿನ್ನುತ್ತದೆ. ಕೊನೆಯ ಸಲ ಯಾವಾಗ ತೆರೆದು ನೋಡಿದೆ ಎಂದು ನೆನಪಿಲ್ಲದ ಪೆಟ್ಟಿಗೆ ನಿಮ್ಮ ಮನೆಯಲ್ಲಿದ್ದರೆ ಇವತ್ತೇ ತೆರೆಯಿರಿ.

ಇನ್ನು ಕೊಟ್ಟವು. ನನಗೆ ಸಾಣೆ ಹಿಡಿಯುವುದನ್ನು ಕಲಿಸಿದ ಹಿರಿಯರೊಬ್ಬರಿದ್ದರು. "ಒತ್ತಬೇಡ, ಅಲಗಿನ ತೂಕವೇ ಸಾಕು, ನೀನು ಕೋನ ಕಾಯ್ದುಕೋ" ಎಂದು ಹೇಳಿ ಹೇಳಿ ನನ್ನ ಕೈ ತಿದ್ದಿದವರು. ಅವರು ನನಗೆ ತಮ್ಮ ಸ್ವಿಸ್ ಸೋಲ್ಜರ್ ಚಾಕು ಕೊಟ್ಟಿದ್ದರು. 1961ರಿಂದ 2008ರವರೆಗೆ ಸ್ವಿಸ್ ಸೈನಿಕರಿಗೆ ಕೊಡುತ್ತಿದ್ದ ಮಾದರಿ. 93 ಮಿಲಿಮೀಟರ್ ಉದ್ದ, ಚೌಕುಳಿ ಅಚ್ಚಿನ ಅಲ್ಯೂಮಿನಿಯಂ ಹಿಡಿ, ಒಂದು ಅಲಗು, ಒಂದು ದಬ್ಬಳ, ಡಬ್ಬಿ ತೆರೆಯುವುದು, ಬಾಟಲಿ ತೆರೆಯುವುದು. ಎರಡರ ತುದಿಯೂ ಸ್ಕ್ರೂಡ್ರೈವರ್. ಅಲಗಿನ ಬುಡದಲ್ಲಿ ವರ್ಷದ ಎರಡು ಅಂಕಿ. ಬೇರೇನೂ ಇಲ್ಲ, ಬೇಕೂ ಇಲ್ಲ. ನನ್ನ ಮಟ್ಟಿಗೆ ಜೇಬುಚಾಕು ಎಂದರೆ ಹೀಗಿರಬೇಕು. ಅವರ ಕೈಯಲ್ಲಿ ಸವೆದು ಆ ಹಿಡಿಯ ಚೌಕುಳಿ ಹೆಬ್ಬೆರಳು ಕೂರುವ ಜಾಗದಲ್ಲಿ ನುಣ್ಣಗಾಗಿತ್ತು. ನನ್ನ ಹೆಬ್ಬೆರಳೂ ಅಲ್ಲೇ ಕೂರುತ್ತಿತ್ತು.

ಅವರು ಹೋದ ಮೇಲೆ ಅದನ್ನು ಅವರ ಮೊಮ್ಮಗನಿಗೆ ಕೊಟ್ಟೆ. ಕೊಡಬೇಕಾದದ್ದೇ ಹಾಗೆ. ಹುಡುಗನಿಗೆ ತಾತನ ಕೈಯ ಯಾವ ವಸ್ತುವೂ ಇರಲಿಲ್ಲ, ನನ್ನ ಹತ್ತಿರ ಅವರು ಕಲಿಸಿದ ಕೆಲಸ ಇತ್ತು. ಕೊಟ್ಟದ್ದಕ್ಕೆ ನನಗೆ ಸಂತೋಷವಿದೆ, ಆ ಚಾಕು ಬೇಕು ಎಂಬ ಆಸೆಯೂ ಇದೆ. ಎರಡೂ ಒಟ್ಟಿಗೇ ಇವೆ, ಇಷ್ಟು ವರ್ಷದಲ್ಲಿ ಯಾವುದೂ ಕಮ್ಮಿಯಾಗಿಲ್ಲ. ಕೆಲವು ಸಮಯದ ಹಿಂದೆ ಆ ಹುಡುಗನನ್ನು ನೋಡಿದೆ, ಈಗ ಹುಡುಗ ಅಲ್ಲ. ನಾನು ಕೇಳಲಿಲ್ಲ, ಅವನೇ ಜೇಬಿನಿಂದ ತೆಗೆದು "ಅಂಕಲ್, ಇದಕ್ಕೆ ಒಂದು ಸಲ ಸಾಣೆ ಹಿಡಿದು ಕೊಡ್ತೀರಾ?" ಎಂದ. ಬಣ್ಣದ ಡಬ್ಬಿಯ ಮುಚ್ಚಳ ಎತ್ತಿದ ಗುರುತು ಸ್ಕ್ರೂಡ್ರೈವರಿನ ತುದಿಯಲ್ಲಿತ್ತು, ಹಿಡಿಯ ಚೌಕುಳಿಯೊಳಗೆ ಬಿಳಿ ಬಣ್ಣ ಒಣಗಿ ಕೂತಿತ್ತು. ಅಲಗಿನ ಅಂಚಿನಲ್ಲಿ ಸಣ್ಣಸಣ್ಣ ಮುಕ್ಕುಗಳು. ಆ ಉಕ್ಕು ಅಷ್ಟೇನೂ ಗಡಸಲ್ಲ, ಬೇಗ ತಿದ್ದಿಸಿಕೊಳ್ಳುತ್ತದೆ. ಮುಕ್ಕು ಹೋಗುವ ತನಕ ಒರಟು ಕಲ್ಲು, ಆಮೇಲೆ ನಯದ್ದು, ಕೊನೆಗೆ ಚರ್ಮದ ಮೇಲೆ ಎಳೆದು ಕೊಟ್ಟೆ. ಬಿಳಿ ಬಣ್ಣವನ್ನು ಹಾಗೇ ಬಿಟ್ಟೆ, ಅದು ಅವನದು.

ಅವನಿಗೆ ಕೊಟ್ಟದ್ದು ಹಗುರವಾಗಿದೆ, ಏಕೆಂದರೆ ಚಾಕು ಕೆಲಸ ಮಾಡುತ್ತಿದೆ. ಇದೇ ಮಾತನ್ನು ನಾನು ಕೊಟ್ಟ ಇನ್ನೊಂದು ಚಾಕುವಿನ ಬಗ್ಗೆ ಹೇಳಲಾರೆ. ಅದು ಜಪಾನಿನ ಹಿಗೊನೊಕಾಮಿ. ಮಡಿಸಿದ ಹಾಳೆಯಂಥ ಹಿಡಿ, ಅಲಗಿನ ಬುಡದಲ್ಲಿ ಹೆಬ್ಬೆರಳಿನಿಂದ ಒತ್ತಿ ತೆರೆಯುವ ಚಿಕ್ಕ ಬಾಲ, ಬೀಗವಿಲ್ಲ. ಒಂದು ಕಾಲದಲ್ಲಿ ಜಪಾನಿನ ಶಾಲಾಮಕ್ಕಳು ಪೆನ್ಸಿಲ್ ಚೂಪು ಮಾಡಲು ಇಟ್ಟುಕೊಳ್ಳುತ್ತಿದ್ದದ್ದು. 1960ರಲ್ಲಿ ಹದಿಹರೆಯದ ಹುಡುಗನೊಬ್ಬ ರಾಜಕಾರಣಿ ಅಸಾನುಮಾ ಅವರನ್ನು ಇರಿದು ಕೊಂದ ಮೇಲೆ ಮಕ್ಕಳ ಕೈಯಲ್ಲಿ ಚಾಕು ಬೇಡ ಎಂಬ ಚಳವಳಿ ನಡೆದು ಬಳಕೆ ಕುಸಿಯಿತು. ಈಗ ಆ ಹೆಸರಿನ ಹಕ್ಕಿರುವುದು ಮಿಕಿ ನಗರದ ಒಂದೇ ಕಮ್ಮಾರಸಾಲೆಗೆ. ನಾನು ಕೊಟ್ಟವರು ಅದನ್ನು ಗಾಜಿನ ಹಿಂದೆ ನಿಲ್ಲಿಸಿದ್ದಾರೆ. ಪ್ರೀತಿಯಿಂದಲೇ ನಿಲ್ಲಿಸಿದ್ದಾರೆ, ಬಂದವರಿಗೆ ನನ್ನ ಹೆಸರು ಹೇಳಿ ತೋರಿಸುತ್ತಾರೆ. ಆ ಚಾಕು ಒಂದು ಪೆನ್ಸಿಲ್ಲನ್ನೂ ಮುಟ್ಟುತ್ತಿಲ್ಲವಲ್ಲ ಎಂದು ನನಗೆ ಅಲ್ಲಿಗೆ ಹೋದಾಗಲೆಲ್ಲ ಅನಿಸುತ್ತದೆ.

ಇಷ್ಟೆಲ್ಲ ಆದ ಮೇಲೆ ನಾನು ರೂಢಿ ಮಾಡಿಕೊಂಡದ್ದು ಸ್ವಲ್ಪವೇ. ಮಾರುವಾಗ, ಕೊಡುವಾಗ "ಮುಂದೆ ಬೇಡವಾದರೆ ಮೊದಲು ನನ್ನನ್ನು ಕೇಳಿ" ಎಂದು ಹೇಳುತ್ತೇನೆ, ಬರೆದೂ ಕೊಡುತ್ತೇನೆ. ಒಳ್ಳೆಯ ಸಂಗ್ರಾಹಕರು ಈ ಮಾತನ್ನು ಗೌರವಿಸುತ್ತಾರೆ, ಎಷ್ಟೋ ಚಾಕುಗಳು ಹೀಗೆ ಮನೆಗೆ ಮರಳಿವೆ. ಕಳೆಯದಿರಲು ಕೆಲವರು ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರುವ ಚಾಕುವನ್ನೇ ಕೊಳ್ಳುತ್ತಾರೆ. 1981ರಲ್ಲಿ ಸ್ಪೈಡರ್‌ಕೋ ಕಂಪನಿಯ ವರ್ಕರ್ ಚಾಕುವಿನಿಂದ ಹೆಸರಾದ ಏರ್ಪಾಡು ಅದು. ಆದರೆ ಕ್ಲಿಪ್ ಕಾರಿನ ಸೀಟ್‌ಬೆಲ್ಟಿಗೆ ಸಿಕ್ಕಿ ಚಾಕುವನ್ನೇ ಎಳೆದು ಬೀಳಿಸಿದ್ದನ್ನೂ ನೋಡಿದ್ದೇನೆ. ನನಗೆ ನಂಬಿಕೆ ಇರುವುದು ಹಿಡಿಯ ತುದಿಗೆ ಕಟ್ಟಿದ ಒಂದು ಗೇಣು ಕೆಂಪು ದಾರದ ಮೇಲೆ. ತರಗೆಲೆಯ ನಡುವೆಯೂ ಅದು ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಆ 6318ರ ಸ್ನೇಹಿತರಿಂದ ಕಲಿತೆ. ಅವರು ಈಗ ಬಳಸುವ ಪ್ರತಿ ಚಾಕುವನ್ನೂ ತೆರೆದು ಬಿಳಿ ಹಾಳೆಯ ಮೇಲೆ ಮಲಗಿಸಿ, ಸಣ್ಣ ಮೊನೆಯ ಪೆನ್ಸಿಲಿನಿಂದ ಅಲಗಿನ ಸುತ್ತ ಗೆರೆ ಎಳೆದು, ತಾರೀಕು ಬರೆದು ಇಡುತ್ತಾರೆ. ಕೆಲವು ವರ್ಷ ಬಿಟ್ಟು ಅದೇ ಹಾಳೆಯ ಮೇಲೆ ಮತ್ತೆ ಮಲಗಿಸಿ ಮತ್ತೆ ಗೆರೆ. ಎರಡು ಗೆರೆಗಳ ನಡುವಿನ ಜಾಗವೇ ಆ ವರ್ಷಗಳ ಕೆಲಸ. ಫೋಟೋದಲ್ಲಿ ಅಲಗು ಎಷ್ಟು ಸವೆದಿದೆ ಎಂದು ಅಳೆಯಲಾಗುವುದಿಲ್ಲ, ಗೆರೆಯಲ್ಲಿ ಆಗುತ್ತದೆ. ನಾನೂ ಈಗ ಹಾಗೇ ಮಾಡುತ್ತೇನೆ.

ನನ್ನ 8ಒಟಿಯ ಗೆರೆ ನನ್ನ ಹತ್ತಿರ ಇಲ್ಲ. ಅದಕ್ಕೇ ಗುರುತುಗಳನ್ನು ಇಲ್ಲಿ ಬರೆದಿಡುತ್ತೇನೆ, ಯಾರ ಕೈಗಾದರೂ ಬಂದಿದ್ದರೆ ತಿಳಿಯಲಿ. ದೊಡ್ಡ ಅಲಗು ಮಡಿಸಿದಾಗ ಹೊಸ ಚಾಕುವಿನದಕ್ಕಿಂತ ತಗ್ಗಿ ಹಿಡಿಯೊಳಗೆ ಪೂರ್ತಿ ಅಡಗುತ್ತದೆ. ಷೀಪ್ಸ್‌ಫುಟ್ ಅಲಗಿನ ತುದಿ ಮುರಿದದ್ದನ್ನು ಉಜ್ಜಿ ದುಂಡಗೆ ಮಾಡಿದೆ. ಹೆಸರಿರುವ ಫಲಕದ ಪಕ್ಕದಲ್ಲಿ, ಕಂದು ಡೆಲ್ರಿನ್ ಮೇಲೆ, ಸೋಲ್ಡರಿಂಗ್ ಕಡ್ಡಿ ತಗಲಿ ಕರಗಿದ ಅಕ್ಕಿಕಾಳಿನಷ್ಟು ಗುಳಿ ಇದೆ. ಸ್ಪೇ ಅಲಗನ್ನು ನಾನು ಹೆಚ್ಚು ಬಳಸಲಿಲ್ಲ, ಅದರ ಮೇಲೆ ಕಾರ್ಖಾನೆಯ ಮೆರುಗು ಇನ್ನೂ ಇರಬೇಕು. ನಿಮ್ಮ ಹತ್ತಿರ ಇದ್ದರೆ ಮಾರಲೇಬೇಕು ಎಂದೇನಿಲ್ಲ, ನೀವು ಬಳಸುತ್ತಿದ್ದರೆ ಬಳಸಿಕೊಳ್ಳಿ. ಒಂದು ಹಾಳೆಯ ಮೇಲೆ ಮೂರೂ ಅಲಗಿನ ಸುತ್ತ ಗೆರೆ ಎಳೆದು ನನಗೆ ಕಳಿಸಿಕೊಡಿ.